ಷೇರು ಕೊಳ್ಳುವ ಮೊದಲು ಈ ಎರಡು ಸಾಲು ಕೂಡಿಸಿ ನೋಡಿ

ಯಾವುದಾದರೂ ಕಂಪನಿಯ ಷೇರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಅದರ ಹತ್ತು ವರ್ಷದ ನಿವ್ವಳ ಲಾಭವನ್ನು ಕೂಡಿಸಿ, ಆಮೇಲೆ ಅದೇ ಹತ್ತು ವರ್ಷದ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟಿನಲ್ಲಿ (ನಗದು ಎಷ್ಟು ಬಂತು, ಎಷ್ಟು ಹೋಯಿತು ಅನ್ನುವ ಪಟ್ಟಿ) ವ್ಯವಹಾರದಿಂದ ಕೈಗೆ ಬಂದ ನಗದು, ಅಂದರೆ ಆಪರೇಟಿಂಗ್ ಕ್ಯಾಶ್ ಫ್ಲೋ, ಅದನ್ನೂ ಕೂಡಿಸಿ ಪಕ್ಕಪಕ್ಕ ಇಡಿ. ಲಾಭ 1,000 ಕೋಟಿ, ನಗದು 950 ಕೋಟಿ ಇದ್ದರೆ ಚೆನ್ನಾಗಿದೆ. ನಗದು ಬರೀ 400 ಕೋಟಿ ಇದ್ದರೆ ಉಳಿದದ್ದು ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಲೇಬೇಕು, ಜಾಸ್ತಿ ಸಲ ಅದು ವಸೂಲಾಗದ ಬಿಲ್ಲುಗಳಲ್ಲೋ ಗೋಡೌನಿನ ಸ್ಟಾಕಿನಲ್ಲೋ ಇರುತ್ತದೆ. ಪೀಣ್ಯದಲ್ಲಿ ವರ್ಕ್‌ಶಾಪ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು: ಬಿಲ್ ಹಾಕಿದ ದಿನವೇ ಲೆಕ್ಕದಲ್ಲಿ ಲಾಭ ಬರುತ್ತದೆ, ದುಡ್ಡು ಮೂರು ತಿಂಗಳಾದರೂ ಬರುವುದಿಲ್ಲ, ಸಂಬಳ ಮಾತ್ರ ತಿಂಗಳು ತಿಂಗಳು ಕೊಡಲೇಬೇಕು ಅಲ್ವಾ. ಸುಮ್ನೆ ಒಂದು ವರ್ಷದ್ದು ನೋಡಬೇಡಿ, ಅದರಲ್ಲಿ ಏರುಪೇರು ಸಹಜ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಲೆಕ್ಕ ನಡೆಯುವುದಿಲ್ಲ, ಅವರು ಕೊಡುವ ಸಾಲವೂ ಇಲ್ಲಿ ಹೊರಗೆ ಹೋದ ದುಡ್ಡಾಗಿಯೇ ಕಾಣುತ್ತದೆ. ಜೋರಾಗಿ ಬೆಳೆಯುತ್ತಿರುವ ಕಂಪನಿಯಲ್ಲೂ ನಗದು ಕಡಿಮೆ ಇರಬಹುದು. ಇನ್ನು ಬ್ಯಾಂಕ್ ಬ್ಯಾಲೆನ್ಸೇ ಸುಳ್ಳಾಗಿದ್ದರೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಸತ್ಯಂ ಕಂಪ್ಯೂಟರ್ಸ್ ಅನ್ನುವ ಐಟಿ ಕಂಪನಿ ಲೆಕ್ಕದ ಪುಸ್ತಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ಇರಲೇ ಇಲ್ಲ ಅನ್ನೋದು 2009ರಲ್ಲಿ ಹೊರಬಂತು. ಅದಕ್ಕೇ, ಬ್ಯಾಂಕಿನಲ್ಲಿದೆ ಅನ್ನುವ ದುಡ್ಡಿಗೆ ತಕ್ಕಷ್ಟು ಬಡ್ಡಿ ಬಂದಿದೆಯಾ ಅಂತಲೂ ಒಂದು ಸಲ ನೋಡಿ. ಲಿಸ್ಟ್ ಆದ ಕಂಪನಿಗಳ ವಾರ್ಷಿಕ ವರದಿ ಬಿಎಸ್‌ಇ (ಮುಂಬೈ ಷೇರುಪೇಟೆ) ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.