ಮಾತು ಬಾರದ ಮಗುವಿನ ಟೆನ್ಷನ್ ಅಳೆಯೋದು ಹೇಗೆ? ನನ್ನ ಅನುಭವ

ನಾನು ಮೈಸೂರಲ್ಲಿ ಸ್ಪೆಷಲ್ ಎಜುಕೇಟರ್. ನನ್ನ ಹತ್ರ ಬರೋ ಆಟಿಸಂ ಮಕ್ಕಳಲ್ಲಿ ಮಾತು ಬಾರದವರೇ ಜಾಸ್ತಿ, ಅವರನ್ನ ಎಷ್ಟು ಭಯ ಆಗ್ತಿದೆ ಅಂತ ಕೇಳೋ ಹಾಗಿಲ್ಲ, ಇನ್ನು ಮಾತು ಬರೋ ಮಕ್ಕಳಿಗೂ ಎಷ್ಟೋ ಸಲ ಎದೆ ಡವಡವ ಅಂತಿರೋದು ಭಯಕ್ಕೆ ಅನ್ನೋದು ತಿಳಿಯಲ್ಲ, ಹೊಟ್ಟೆ ನೋವು ಅಂದುಬಿಡ್ತಾರೆ.

ಮೊದಲು ಅಪ್ಪ ಅಮ್ಮನ ಕೈಲಿ ಫಾರ್ಮ್ ತುಂಬಿಸ್ತಿದ್ದೆ. ಸ್ಕೇರ್ಡ್ ಅಂತ ಒಂದಿದೆ, 41 ಪ್ರಶ್ನೆ, ಒಂದೊಂದಕ್ಕೂ 0, 1, 2 ಅಂತ ಮಾರ್ಕು, ಒಟ್ಟು 25 ಬಂದ್ರೆ ಆಂಗ್ಸೈಟಿ, ಅಂದ್ರೆ ಅತಿಯಾದ ಆತಂಕ, ಇರಬಹುದು ಅಂತ ಲೆಕ್ಕ. ಆದ್ರೆ ಅದರಲ್ಲಿ ಗುರುತಿಲ್ಲದವರ ಜೊತೆ ಮಾತಾಡೋಕೆ ಕಷ್ಟಾನಾ ಅನ್ನೋ ಥರದ ಪ್ರಶ್ನೆಗಳಿವೆ, ನಮ್ಮ ಮಕ್ಕಳಿಗೆ ಭಯ ಇಲ್ದಿದ್ರೂ ಅಲ್ಲಿ ಮಾರ್ಕ್ ಬೀಳುತ್ತೆ. ಆಟಿಸಂಗೆ ಅಂತಲೇ ಮಾಡಿರೋ ಎಎಸ್‌ಸಿ-ಎಎಸ್‌ಡಿ ಅನ್ನೋ ಫಾರ್ಮ್ 24 ಪ್ರಶ್ನೆದು, ಸದ್ದು, ಬೆಳಕು, ಮುಂದೇನಾಗುತ್ತೋ ಅನ್ನೋ ಗಾಬರಿ ಇವನ್ನೂ ಕೇಳುತ್ತೆ, ಹಾಗಾಗಿ ಈಗ ಅದನ್ನೇ ಮುಂದಿಟ್ಕೊಂಡು ಅಮ್ಮಂದಿರ ಜೊತೆ ಮಾತಾಡ್ತೀನಿ. ಸ್ಕೋರ್‌ಗಿಂತ ಆ ಮಾತಲ್ಲೇ ಹೆಚ್ಚು ಸಿಗೋದು.

ಇದರ ಜೊತೆಗೆ ಕೋವಿಡ್ ಟೈಮಲ್ಲಿ ಎಲ್ಲರೂ ತಗೊಂಡ ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್. ಆಕ್ಸಿಜನ್ ನಂಬರ್ ನಂಗೆ ಬೇಡ, ಪಲ್ಸ್ ಮಾತ್ರ ಸಾಕು. ಮೊದಮೊದಲು ಕ್ಲಿಪ್ ಹಾಕಿಸ್ಕೊಳ್ಳಲ್ಲ ಮಕ್ಕಳು, ಗೊಂಬೆ ಕೈಗೆ ಹಾಕಿ, ಅಮ್ಮನ ಬೆರಳಿಗೆ ಹಾಕಿ, ಆಮೇಲೆ ಮಗುಗೆ ಒಂದೆರಡು ಸೆಕೆಂಡು ಹಾಕಿ ತೆಗೆದು, ಹೀಗೆ ರೂಢಿ ಮಾಡಿಸ್ಬೇಕು. ಇಷ್ಟದ ಆಟದ ಸಾಮಾನು ಕೊಟ್ಟು ನೆಮ್ಮದಿಯಾಗಿ ಕೂರಿಸಿ, ಬೇರೆ ಬೇರೆ ದಿನ ನೋಡಿ ಆ ಮಗುವಿನ ಮಾಮೂಲಿ ಪಲ್ಸ್ ಎಷ್ಟು ಅಂತ ಬರ್ಕೊಳ್ತೀನಿ, ಪಕ್ಕದ ಮಗುವಿನ ನಂಬರ್ ಜೊತೆ ಹೋಲಿಸಿ ಏನೂ ಉಪಯೋಗ ಇಲ್ಲ. ಓಡಿ ಬಂದ ತಕ್ಷಣ ನೋಡಬಾರದು, ಬೆರಳು ಅಲ್ಲಾಡಿದ್ರೆ ರೀಡಿಂಗ್ ಎತ್ತೆತ್ತಲೋ ಹೋಗುತ್ತೆ.

ಒಬ್ಬ ಹುಡುಗ, ಸ್ಕೂಲಲ್ಲಿ ಅವನಷ್ಟು ಗುಡ್ ಬಾಯ್ ಇಲ್ಲ ಅಂತ ಹೆಸರು, ಕಲ್ಲಿನ ಥರ ಕೂತಿರ್ತಾನೆ. ಮಾಮೂಲಿ ಪಲ್ಸ್ 90ರ ಆಸುಪಾಸು, ಬೆಲ್ ಹೊಡೆಯೋ ಟೈಮ್ ಹತ್ರ ಬಂದ್ರೆ ಕೂತಲ್ಲೇ 125 ದಾಟೋದು! ಮುಖದಲ್ಲಿ ಏನೂ ಇಲ್ಲ. ಇನ್ನೊಬ್ಬಳು ಕೈ ಬಡಿದು ಕಿರುಚ್ತಾಳೆ, ಎಲ್ಲರೂ ಗಾಬರಿ ಆಗ್ತಾರೆ, ನಿಲ್ಲಿಸಿದ ಮೇಲೆ ನೋಡಿದ್ರೆ ಪಲ್ಸ್ ಹೆಚ್ಚೇನೂ ಏರಿರಲ್ಲ, ಅವಳದು ಖುಷಿ. ಆದ್ರೆ ಕೆಲವು ಸಲ ಖುಷಿಗೂ ಪಲ್ಸ್ ಏರುತ್ತೆ, ಜ್ವರಕ್ಕೂ ಏರುತ್ತೆ, ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಕೊಡೋ ಮೀಥೈಲ್‌ಫೆನಿಡೇಟ್ ಮಾತ್ರೆಗೂ ಏರುತ್ತೆ, ಹಾಗಾಗಿ ನಿದ್ದೆ, ಮಲಬದ್ಧತೆ, ಊಟ, ಅದಕ್ಕೂ ಮುಂಚೆ ಏನಾಯ್ತು, ಇದನ್ನೆಲ್ಲ ಅಮ್ಮಂದಿರು ವಾಟ್ಸಾಪ್ ವಾಯ್ಸ್ ನೋಟಲ್ಲಿ ಕಳಿಸ್ತಾರೆ, ನಾನು ಪಕ್ಕದಲ್ಲೇ ಬರ್ಕೊಳ್ತೀನಿ.

ಎಂಜಲಲ್ಲಿ ಕಾರ್ಟಿಸಾಲ್, ಅಂದ್ರೆ ಟೆನ್ಷನ್ ಆದಾಗ ಮೈಯಲ್ಲಿ ಏರೋ ಹಾರ್ಮೋನ್, ನೋಡಬಹುದಲ್ವಾ ಅಂತ ಕೆಲವರು ಕೇಳ್ತಾರೆ. ಅದು ಬೆಳಿಗ್ಗೆ ಹೇಗೂ ಜಾಸ್ತಿ ಇರುತ್ತೆ, ಗಾಬರಿ ಆಗಿ 20-30 ನಿಮಿಷ ಆದ್ಮೇಲೆ ಏರೋದು, ಮೇಲಾಗಿ ಬಾಯಲ್ಲಿ ಹತ್ತಿ ಇಟ್ಕೋ ಅಂದ್ರೆ ನಮ್ಮ ಮಕ್ಕಳು ಆ ಹತ್ತಿಗೇ ಟೆನ್ಷನ್ ಆಗ್ತಾರೆ. ರಿಸರ್ಚ್ ಮಾಡೋರಿಗೆ ಸರಿ. ಬೆವರು ಅಳೆಯೋ ವಾಚ್ ಕೂಡ ಏಪ್ರಿಲ್ ಸೆಕೆಯಲ್ಲಿ ಸುಮ್ನೆ ದುಡ್ಡು ದಂಡ.

ಆ ಹುಡುಗನ ಚಾರ್ಟ್ ಟೀಚರ್‌ಗೆ ತೋರಿಸಿದ್ವಿ. ಬೆಲ್‌ಗೆ ಮುಂಚೆ ಅವನಿಗೆ ಬೆಲ್‌ನ ಚಿತ್ರದ ಕಾರ್ಡ್ ತೋರಿಸಿ ಕಿವಿಗೆ ಹೆಡ್‌ಫೋನ್ ಹಾಕ್ತಾರೆ, ಈಗ 105ರ ಹತ್ರ ಇರುತ್ತೆ. ಅಸೆಂಬ್ಲಿ ಮೈಕ್ ಸದ್ದಿಗೆ ಏನು ಮಾಡೋದು ಅಂತ ನಮಗೆ ಇನ್ನೂ ಹೊಳೆದಿಲ್ಲ.