ಗಿಫ್ಟ್ ಕೊಡುವ ಕಾರ್ಡ್: ಸಹಿಗೆ ಮೊದಲು ಲೆಕ್ಕ

ಮೈಸೂರಿನ ಮಾಲ್‌ನಲ್ಲೋ ಕುಶಾಲನಗರದ ಶೋರೂಮಿನಲ್ಲೋ ಬಿಲ್ ಕೌಂಟರ್ ಪಕ್ಕ ಟೇಬಲ್ ಹಾಕಿ ಕೊಡಗಿನ ಕಾಫಿ ಬೆಳೆಗಾರರನ್ನೂ ಕರೆಯುತ್ತಾರೆ: ಕ್ರೆಡಿಟ್ ಕಾರ್ಡ್ ಮಾಡಿಸಿ, ಟ್ರಾಲಿ ಬ್ಯಾಗ್ ತಗೊಳ್ಳಿ. ಮೊದಲು ಕೇಳಬೇಕಾದ್ದು, ಗಿಫ್ಟ್ ಯಾವಾಗ ಕೈಗೆ ಬರುತ್ತದೆ? ಸಾಮಾನ್ಯವಾಗಿ ಅರ್ಜಿ ಕೊಟ್ಟಾಗ ಅಲ್ಲ. ಕಾರ್ಡ್ ಬಂದು, ಗೊತ್ತುಪಡಿಸಿದ ದಿನಗಳೊಳಗೆ ಇಂತಿಷ್ಟು ಖರೀದಿಸಿದ ಮೇಲೆ. ಷರತ್ತಿನ ಹಾಳೆಯ ಫೋಟೊ ಹೊಡೆದುಕೊಳ್ಳಿ.

ಇನ್ನು ಲೆಕ್ಕ. ವಾರ್ಷಿಕ ಶುಲ್ಕ 499 ರೂ. ಎಂದರೆ 18% ಜಿಎಸ್‌ಟಿ ಸೇರಿ 588.82. ಕೊಡುವ 750 ರೂ. ವೋಚರ್ 2,500ರ ಬಿಲ್‌ಗೆ ಮಾತ್ರ ನಡೆಯುವುದಾದರೆ, ಆ ಖರೀದಿ ನಿಮಗೆ ಹೇಗೂ ಬೇಕಿತ್ತೇ?

ಕಾರ್ಡ್ ಕೊಡುವುದು ಬ್ಯಾಂಕ್, ಅಂಗಡಿಯಲ್ಲ. ಪ್ಯಾನ್, ಆಧಾರ್, ಆದಾಯದ ದಾಖಲೆ ಕೇಳುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂದು ಐಟಿ ರಿಟರ್ನ್ ಹಾಕದ ಕಾಫಿ ಬೆಳೆಗಾರರ ಅರ್ಜಿ ಇಲ್ಲೇ ಮುಗ್ಗರಿಸಬಹುದು. ಏಜೆಂಟ್ 'ಸಂಬಳ' ಎಂದು ಬರೆದುಬಿಟ್ಟರೆ ಸಹಿ ನಿಮ್ಮದು, ಸುಳ್ಳೂ ನಿಮ್ಮದೇ ಆಗುತ್ತದೆ. ಕೆಲವು ಬ್ಯಾಂಕ್‌ಗಳು ಫಿಕ್ಸೆಡ್ ಡೆಪಾಸಿಟ್ ಮೇಲೂ ಕಾರ್ಡ್ ಕೊಡುತ್ತವೆ, ಆದರೆ ಅದಕ್ಕೆ ಅಂಗಡಿಯ ಗಿಫ್ಟ್ ಇದೆಯೇ ಎಂದು ಕೇಳಿಕೊಳ್ಳಿ. ಅರ್ಜಿಯಲ್ಲಿ 'ವಿಮೆಯೂ ಬೇಕು' ಎಂಬ ಚೌಕಕ್ಕೆ ಟಿಕ್ ಹಾಕಿದ್ದರೆ ತೆಗೆಸಿ.

ವಿಳಾಸ ಚಿಕ್ಕ ವಿಷಯವಲ್ಲ. ತೋಟದ ಮನೆಯವರೆಗೆ ಕೊರಿಯರ್ ಬಾರದಿದ್ದರೆ ಕಾರ್ಡ್ ವಾಪಸ್. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನಲ್ಲಿ ನಂಬಿಕಸ್ಥರ ಅಂಗಡಿ ಇದ್ದರೆ, ಬ್ಯಾಂಕ್ ಒಪ್ಪಿದಲ್ಲಿ ಅದನ್ನು ಸಂಪರ್ಕ ವಿಳಾಸವಾಗಿ ಕೊಡಿ. ಮಳೆಗಾಲದಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಅರ್ಜಿ ಬೇಡ. ಕರೆಂಟು, ಟವರ್ ಎರಡೂ ಹೋದ ದಿನ ಒಟಿಪಿ ಬರುವುದಿಲ್ಲ. ಬ್ಯಾಂಕ್ ಕಾರ್ಡ್ ನೀಡಿದ ದಿನದಿಂದ 30 ದಿನದೊಳಗೆ ಅದನ್ನು ಸಕ್ರಿಯಗೊಳಿಸದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು, ಸಿಗದಿದ್ದರೆ ಖಾತೆ ಮುಚ್ಚಬೇಕು. ಇದು 2022ರಲ್ಲಿ ಆರ್‌ಬಿಐ ತಂದ ನಿಯಮ.

ಒಂದೇ ವಾರ ಮೂರು ಕಡೆ ಅರ್ಜಿ ಹಾಕಿದರೆ ಮೂರೂ ಬ್ಯಾಂಕ್ ನಿಮ್ಮ ಕ್ರೆಡಿಟ್ ವರದಿ (ಸಾಲ ತೀರಿಸಿದ ಇತಿಹಾಸ) ತೆಗೆಸುತ್ತವೆ, ಅದರಲ್ಲಿನ ಸ್ಕೋರ್ ಇಳಿಯಬಹುದು. ಮುಂದೆ ತೋಟಕ್ಕೆ ಸಾಲ ಬೇಕಿದ್ದವರು ಒಂದಕ್ಕೆ ನಿಲ್ಲಿಸಿ.

ಕಾಫಿ ದುಡ್ಡು ವರ್ಷಕ್ಕೊಮ್ಮೆ, ಬಿಲ್ ತಿಂಗಳಿಗೊಮ್ಮೆ. 12,000 ರೂ. ಬಿಲ್‌ಗೆ 'ಕನಿಷ್ಠ ಮೊತ್ತ' 600 ಮಾತ್ರ ಕಟ್ಟಿ ಮಿಕ್ಕಿದ್ದನ್ನು ಬಾಕಿ ಬಿಟ್ಟರೆ, ತಿಂಗಳಿಗೆ 3.5% ದರದಲ್ಲಿ ಸುಮಾರು 400 ಬಡ್ಡಿ, ಅದರ ಮೇಲೆ 72 ಜಿಎಸ್‌ಟಿ. ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇರುವುದಿಲ್ಲ. ಪೂರ್ತಿ ಮೊತ್ತಕ್ಕೆ ಆಟೊ ಡೆಬಿಟ್ ಹಾಕಿಸಿ.

ಗಿಫ್ಟ್ ಬಂದ ಮೇಲೆ ಕಾರ್ಡ್ ಬೇಡವಾದರೆ ಬಾಕಿ ಪೂರ್ತಿ ತೀರಿಸಿ, ಎರಡನೇ ವರ್ಷದ ಶುಲ್ಕ ಬೀಳುವ ಮೊದಲೇ ಲಿಖಿತವಾಗಿ ಮುಚ್ಚಲು ಹೇಳಿ. 7 ಕೆಲಸದ ದಿನದಲ್ಲಿ ಮುಚ್ಚದಿದ್ದರೆ ಬ್ಯಾಂಕ್ ದಿನಕ್ಕೆ 500 ರೂ. ನಿಮಗೆ ಕೊಡಬೇಕು.