ಅಜ್ಜ ನಿಜಕ್ಕೂ ಯುದ್ಧವಿಮಾನ ಓಡಿಸಿದ್ದರಾ? ಹುಡುಕುವುದು ಹೀಗೆ

ನಮ್ಮ ಮನೆಯಲ್ಲಿ ಒಬ್ಬರು ‘ಪೈಲಟ್ ಅಜ್ಜ’ ಇದ್ದರು. ಅಮ್ಮನ ಸೋದರಮಾವ. ಎರಡನೇ ಮಹಾಯುದ್ಧದ ಹೊತ್ತಿಗೆ ಬರ್ಮಾದಲ್ಲಿ ಐದು ಜಪಾನಿ ವಿಮಾನ ಕೆಡವಿದರು ಅಂತ ಕೇಳಿಕೊಂಡೇ ನಾವೆಲ್ಲ ಬೆಳೆದೆವು. ಎರಡು ವರ್ಷ ದಾಖಲೆಗಳ ಬೆನ್ನು ಹತ್ತಿದ ಮೇಲೆ ಗೊತ್ತಾಯಿತು, ಅವರು ವಿಮಾನ ಓಡಿಸಿಯೇ ಇರಲಿಲ್ಲ. ಹರಿಕೇನ್ ವಿಮಾನದ ಇಂಜಿನ್ ಬಿಚ್ಚಿ ಜೋಡಿಸುವ ಫಿಟ್ಟರ್ ಆಗಿದ್ದರು. ಆ ಸುದ್ದಿ ಹೇಳಿದ ದಿನ ದೊಡ್ಡಮ್ಮ ನನಗೆ ಕಾಫಿ ಕೊಡಲಿಲ್ಲ.

ಆಮೇಲೆ ಹಿರಿಯೂರು, ಹರಿಹರ, ದಾವಣಗೆರೆಯ ಕೆಲವು ಮನೆಯವರು ಟ್ರಂಕು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಎಲ್ಲರದೂ ಒಂದೇ ತಪ್ಪು. ಕಥೆಯಿಂದ ಶುರು ಮಾಡುತ್ತಾರೆ. ಗೂಗಲಿನಲ್ಲಿ ಅಜ್ಜನ ಹೆಸರು ಹೊಡೆಯುತ್ತಾರೆ, ಏನೂ ಸಿಗುವುದಿಲ್ಲ, ‘ಬ್ರಿಟಿಷರು ನಮ್ಮವರ ಹೆಸರು ಮುಚ್ಚಿಹಾಕಿದ್ದಾರೆ’ ಅಂತ ತೀರ್ಮಾನ ಮಾಡಿ ಎದ್ದು ಹೋಗುತ್ತಾರೆ. ಮುಚ್ಚಿಹಾಕಿಲ್ಲ ಸ್ವಾಮಿ, ಸ್ಪೆಲ್ಲಿಂಗ್ ಬೇರೆ ಇದೆ ಅಷ್ಟೆ.

ಮೊದಲು ಅಟ್ಟ ಹತ್ತಿ

ಪದಕ, ಫೋಟೊ, ಕಾಗದ, ಡಿಸ್ಚಾರ್ಜ್ ಪತ್ರ, ಪೆನ್ಷನ್ ಪುಸ್ತಕ, ಏನಿದ್ದರೂ ಕೆಳಗಿಳಿಸಿ. ಫೋನಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ಫೋಟೊ ತೆಗೆದುಕೊಳ್ಳಿ. ಇಷ್ಟೇ ಕೆಲಸ.

ಆದರೆ ಎರಡು ಪಾಪ ಮಾಡಬೇಡಿ. ಒಂದು, ಲ್ಯಾಮಿನೇಷನ್. ಹರಿಹರದ ಒಂದು ಮನೆಯಲ್ಲಿ 1946ರ ಡಿಸ್ಚಾರ್ಜ್ ಪತ್ರವನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿದ್ದರು. ಬಿಸಿಗೆ ಬರಹ ಮಸುಕಾಗಿ, ಹಿಂಬದಿಯ ರಬ್ಬರ್ ಸ್ಟಾಂಪು ಹರಡಿ ಹೋಗಿತ್ತು. ಇನ್ನು ಅದನ್ನು ಬಿಡಿಸಲೂ ಆಗುವುದಿಲ್ಲ. ಅಂಟು ಹಾಳೆಯ ಫೋಟೊ ಆಲ್ಬಮ್ಮೂ ಅಷ್ಟೇ ಕೆಟ್ಟದ್ದು. ಎರಡನೇದು, ಪದಕವನ್ನು ಹುಣಸೆಹಣ್ಣು, ಬೂದಿ, ಪಾತ್ರೆ ತಿಕ್ಕುವ ಪುಡಿ ಹಾಕಿ ತಿಕ್ಕುವುದು. ಕಪ್ಪಾಗಿದ್ದರೆ ಕಪ್ಪಾಗಿರಲಿ. ಬ್ರಿಟಿಷರು ತಮ್ಮ ದೇಶದವರಿಗೆ ಆ ಯುದ್ಧದ ಸ್ಟಾರ್‌ಗಳನ್ನು, ಅಂದರೆ ನಕ್ಷತ್ರದ ಆಕಾರದ ಪದಕಗಳನ್ನು, ಹೆಸರು ಕೆತ್ತದೆ ಕೊಟ್ಟರು, ಭಾರತೀಯರಿಗೆ ಕೊಟ್ಟವುಗಳಲ್ಲಿ ಮಾತ್ರ ನಂಬರು, ದರ್ಜೆ, ಹೆಸರು ಕೆತ್ತಿರುವುದು ಜಾಸ್ತಿ. ಸ್ಟಾರ್ ಆದರೆ ಹಿಂಬದಿಯಲ್ಲಿ, ದುಂಡನೆಯ ಪದಕ ಆದರೆ ಅಂಚಿನಲ್ಲಿ. ತಿಕ್ಕಿದರೆ ಮೊದಲು ಹೋಗುವುದೇ ಆ ಸಣ್ಣ ಅಕ್ಷರ. ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಓದಲು ಬರುತ್ತದೆ.

ಪೈಲಟ್ ಹೌದೋ ಅಲ್ಲವೋ

ಫೋಟೊದಲ್ಲಿ ಎಡ ಎದೆಯ ಮೇಲೆ ನೋಡಿ. ಎರಡೂ ಕಡೆ ರೆಕ್ಕೆ ಇದ್ದರೆ ಪೈಲಟ್. ಒಂದೇ ರೆಕ್ಕೆ ಇದ್ದರೆ ವಿಮಾನದಲ್ಲಿ ಹಾರಿದವರು ಹೌದು, ಆದರೆ ನ್ಯಾವಿಗೇಟರ್, ಗನ್ನರ್ ಥರದ ಬೇರೆ ಕೆಲಸ. ತೋಳಿನ ಮೇಲೆ ಪ್ರೊಪೆಲರ್ ಚಿತ್ರ ಇದ್ದರೆ ಅದು ಲೀಡಿಂಗ್ ಏರ್‌ಕ್ರಾಫ್ಟ್‌ಮನ್ ಅನ್ನುವ ದರ್ಜೆಯ ಗುರುತು. ನಮ್ಮ ಮನೆಯಲ್ಲಿ ಎಪ್ಪತ್ತು ವರ್ಷ ‘ಪೈಲಟ್ ಬ್ಯಾಡ್ಜು’ ಅಂತ ತೋರಿಸುತ್ತಿದ್ದದ್ದು ಇದನ್ನೇ. ಬರ್ಮಾ ಸ್ಟಾರ್ ಇದೆ ಅಂದ ಮಾತ್ರಕ್ಕೂ ಪೈಲಟ್ ಅಲ್ಲ. ಅಲ್ಲಿ ಕೆಲಸ ಮಾಡಿದ ನೆಲದ ಸಿಬ್ಬಂದಿಗೂ, ಕಾಲಾಳುಗಳಿಗೂ ಅದು ಸಿಕ್ಕಿದೆ.

ಇನ್ನೊಂದು ಗೊಂದಲ ನಮ್ಮ ಮೈಸೂರು ಸೀಮೆಯದ್ದೇ. ‘ಅಜ್ಜ ಯುದ್ಧದಲ್ಲಿ ಏರ್‌ಕ್ರಾಫ್ಟಿನಲ್ಲಿದ್ದರು’ ಅಂತ ಹೇಳುತ್ತಾರಲ್ಲ, ಅದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇರಬಹುದು, ಈಗಿನ ಎಚ್‌ಎಎಲ್. 1940ರಲ್ಲಿ ಶುರುವಾಗಿದ್ದು, ಯುದ್ಧದ ಹೊತ್ತಿನಲ್ಲಿ ಮಿತ್ರಪಡೆಗಳ ವಿಮಾನಗಳು ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಅಲ್ಲಿ ದುಡಿದವರ ಹೆಸರನ್ನು ವಾಯುಪಡೆಯ ದಾಖಲೆಯಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಐದು ವಿಮಾನ ಕೆಡವಿದ ಕಥೆಗೂ ಇಲ್ಲೇ ಒಂದು ಮಾತು. ಬರ್ಮಾದಲ್ಲಿ ಭಾರತೀಯ ಸ್ಕ್ವಾಡ್ರನ್‌ಗಳ, ಅಂದರೆ ವಾಯುಪಡೆಯ ತುಕಡಿಗಳ, ಮುಖ್ಯ ಕೆಲಸ ತಗ್ಗಿನಲ್ಲಿ ಹಾರಿ ಶತ್ರು ಎಲ್ಲಿದ್ದಾನೆ ಅಂತ ನೋಡಿಕೊಂಡು ಬರುವುದು, ಫೋಟೊ ತೆಗೆಯುವುದು, ನೆಲದ ಮೇಲಿನ ಗುರಿಗೆ ಹೊಡೆಯುವುದು. ಆಕಾಶದಲ್ಲೇ ಜಪಾನಿ ವಿಮಾನ ಹೊಡೆದುರುಳಿಸಿದ್ದು ತೀರಾ ಅಪರೂಪ. 1944ರಲ್ಲಿ ಇಂಫಾಲದಲ್ಲಿ ಒಂದನೇ ಸ್ಕ್ವಾಡ್ರನ್ ನಡೆಸಿದ ಅರ್ಜನ್ ಸಿಂಗ್ ಅವರಿಗೆ ಡಿಎಫ್‌ಸಿ ಅನ್ನುವ ಶೌರ್ಯ ಪದಕ ಬಂದದ್ದೂ ಇಂಥ ಕೆಲಸಕ್ಕೇ. ಕಾಡು ಬೆಟ್ಟದ ನಡುವೆ ಮರದ ತುದಿ ಸವರಿಕೊಂಡು ಹಾರುವುದು ಸುಮ್ನೆ ಮಾತಲ್ಲ.

ಹೆಸರು: ಎಲ್ಲರೂ ಸೋಲುವ ಜಾಗ

ಇಲ್ಲಿ ನಿಧಾನ ಮಾಡಿ. ಒಂದು ಇಡೀ ಭಾನುವಾರ ಕೊಡಿ.

ತಿಪ್ಪೇಸ್ವಾಮಿ ಅನ್ನುವ ಹೆಸರು ಇಟ್ಟುಕೊಳ್ಳೋಣ. ಇಂಗ್ಲಿಷಿನಲ್ಲಿ ಬರೆದವನು ಲಾಹೋರಿನಲ್ಲೋ ಪುಣೆಯಲ್ಲೋ ಕೂತ ಗುಮಾಸ್ತ. ಅವನು ಕನ್ನಡದ ಹೆಸರು ಹುಟ್ಟಿದಾಗಿನಿಂದ ಕೇಳಿಲ್ಲ. ಟಿ ಆದ ಮೇಲೆ ಎಚ್ ಹಾಕಿರಬಹುದು, ಬಿಟ್ಟಿರಬಹುದು. ಪಿ ಒಂದೋ ಎರಡೋ. ನಡುವೆ ಇ ಅಥವಾ ಎ. ಸ್ವಾಮಿಗೆ ಡಬ್ಲ್ಯೂ ಅಥವಾ ವಿ, ಕೊನೆಗೆ ವೈ ಅಥವಾ ಐ. ಸ್ವಾಮಿಯನ್ನು ಕತ್ತರಿಸಿ ಅಡ್ಡಹೆಸರು ಮಾಡಿ, ತಿಪ್ಪೇ ಅನ್ನುವುದನ್ನು ಬರೀ ಟಿ ಮಾಡಿದರೂ ಆಶ್ಚರ್ಯ ಇಲ್ಲ. ಮುಂದೆ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್ ಇದ್ದರೆ ಇನ್ನೂ ಮಜಾ. ‘ಪೂರ್ತಿ ಹೆಸರು ಹೇಳು’ ಅಂದಾಗ ಹುಡುಗ ಅಪ್ಪನ ಹೆಸರು ಹೇಳಿರುತ್ತಾನೆ, ಅದೇ ಸರ್‌ನೇಮ್ ಆಗಿ ಕೂತಿರುತ್ತದೆ. ಬಸಪ್ಪ, ಹಾಲಪ್ಪ, ರುದ್ರಪ್ಪ ಇರುವ ಮನೆಯವರು ಕೊನೆಯ ಅಪ್ಪ ತುಂಡಾಗಿ ಬೇರೆ ಪದವಾಗಿದೆಯಾ ಅಂತಲೂ ನೋಡಬೇಕು.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಆಗಬಹುದಾದ ಎಲ್ಲ ಸ್ಪೆಲ್ಲಿಂಗ್ ಬರೆಯಿರಿ. ನಾನು ನಮ್ಮ ಅಜ್ಜನ ಹೆಸರಿಗೆ ಹದಿನೇಳು ಬರೆದಿದ್ದೆ. ಸಿಕ್ಕಿದ್ದು ಹದಿನೆಂಟನೆಯದು!

ಊರಿನದೂ ಇದೇ ಕಥೆ. ಹಳೆಯ ಕಾಗದಗಳಲ್ಲಿ ಚಿತ್ರದುರ್ಗ ಅಂತ ಹುಡುಕಬೇಡಿ, ಆಗಿನ ಇಂಗ್ಲಿಷಿನಲ್ಲಿ ಅದು ಚಿತಲ್‌ದ್ರುಗ್. ಕೊನೆಯ ದ್ರುಗ್‌ಗೆ ಯು ಒಂದು ಕಡೆ, ಎರಡು ಓ ಇನ್ನೊಂದು ಕಡೆ. ದಾವಣಗೆರೆ ಆಗ ಜಿಲ್ಲೆಯೇ ಅಲ್ಲ. 1997ರವರೆಗೆ ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ನಿಮ್ಮವರು ಹೊನ್ನಾಳಿ ಅಥವಾ ಚನ್ನಗಿರಿಯವರಾದರೆ ಶಿವಮೊಗ್ಗ ಜಿಲ್ಲೆ ನೋಡಬೇಕು. ಹರಪನಹಳ್ಳಿಯವರಾದರೆ ಬಳ್ಳಾರಿ ಜಿಲ್ಲೆ, ಅಂದರೆ ಮೈಸೂರು ಸಂಸ್ಥಾನವೇ ಅಲ್ಲ, ಮದ್ರಾಸ್ ಪ್ರಾಂತ್ಯ. ಇದೊಂದು ಗೊತ್ತಿಲ್ಲದೆ ಒಂದು ಮನೆಯವರು ಆರು ತಿಂಗಳು ಮೈಸೂರು ಮೈಸೂರು ಅಂತ ಹುಡುಕಿದರು.

ಇಷ್ಟೆಲ್ಲ ಕಷ್ಟ ಪಡುವುದು ಒಂದೇ ಒಂದು ವಸ್ತುವಿಗಾಗಿ: ಸರ್ವಿಸ್ ನಂಬರು. ಹೆಸರು ಹತ್ತು ಥರ ಬದಲಾಗಬಹುದು, ನಂಬರು ಬದಲಾಗುವುದು ಕಡಿಮೆ. ಪದಕದ ಅಂಚಿನಲ್ಲಿ, ಪೆನ್ಷನ್ ಪುಸ್ತಕದಲ್ಲಿ, ಮನೆಗೆ ಬರೆದ ಕಾಗದದ ‘ಇಂದ’ ವಿಳಾಸದಲ್ಲಿ, ಟ್ರಂಕಿನ ಮುಚ್ಚಳದ ಒಳಗಡೆ ಬಿಳಿ ಬಣ್ಣದಲ್ಲಿ. ನಮಗೆ ಸಿಕ್ಕಿದ್ದು ಟ್ರಂಕಿನಲ್ಲೇ. ದೊಡ್ಡಮ್ಮ ಅದರಲ್ಲಿ ಶಾವಿಗೆ ಇಡುತ್ತಿದ್ದರು.

ದುಡ್ಡಿಲ್ಲದೆ ನೋಡಬಹುದಾದವು

ಸೇವೆಯಲ್ಲಿದ್ದಾಗಲೇ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ ಮೊದಲು. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ಒಳಗೆ ಸತ್ತವರ ಹೆಸರು ಅಲ್ಲಿದೆ. ಹೆಸರಿನ ಜಾಗ ಖಾಲಿ ಬಿಟ್ಟು, ಪಡೆ ವಾಯುಪಡೆ ಅಂತ ಆರಿಸಿ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಮೈಸೂರು ಅಂತ ಹಾಕಿ ನೋಡಿ. ಈ ಉಪಾಯ ಯಾರೂ ಮಾಡುವುದಿಲ್ಲ. ನೀವು ಸಮಾಧಿ ಹುಡುಕುತ್ತಾ ಇಂಫಾಲಕ್ಕೆ ಟಿಕೆಟ್ ಮಾಡಿಸುವ ಮುಂಚೆ ಇದೂ ಗೊತ್ತಿರಲಿ: ಏಷ್ಯಾದ ಈ ಭಾಗದಲ್ಲಿ ಹಾರಲು ಹೋಗಿ ದೇಹವೇ ಸಿಗದ ವಾಯುಪಡೆಯವರ ಹೆಸರು ಸಾಮಾನ್ಯವಾಗಿ ಸಿಂಗಾಪುರದ ಕ್ರಾಂಜಿಯ ಸ್ಮಾರಕದ ಗೋಡೆಯ ಮೇಲಿರುತ್ತದೆ. 1940ರಲ್ಲಿ ಇಂಗ್ಲೆಂಡಿಗೆ ಹೋದ 24 ಭಾರತೀಯ ಪೈಲಟ್‌ಗಳಂತೆ ಆ ಕಡೆ ಹಾರಿ ಕಾಣೆಯಾದವರಿಗೆ ಲಂಡನ್ ಹತ್ತಿರದ ರನ್ನಿಮೀಡ್ ಸ್ಮಾರಕ.

ಶೌರ್ಯ ಪದಕ ಬಂದಿತ್ತು ಅಂದರೆ ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್ ನೋಡಿ, ಬಿಟ್ಟಿ. ಅಧಿಕಾರಿಗಳಿಗೆ ಭಾರತ್ ರಕ್ಷಕ್ ಜಾಲತಾಣದ ಪಟ್ಟಿ, ಸರ್ಕಾರಿ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್. ದುಡ್ಡು ಕೇಳುವ ವಂಶಾವಳಿ ಜಾಲತಾಣಗಳಿಗೆ ಕಾರ್ಡ್ ನಂಬರ್ ಕೊಡಬೇಡಿ. ನಮ್ಮ ಕಡೆಯವರದ್ದು ಅಲ್ಲಿ ಸಿಗುವುದು ತೀರಾ ಕಡಿಮೆ.

ದಿಲ್ಲಿಗೆ ಕಾಗದ

ಅಧಿಕಾರಿ ಆಗಿದ್ದರೆ ವಾಯುಭವನದ ವಾಯುಪಡೆ ಕೇಂದ್ರ ಕಚೇರಿಗೆ, ಏರ್‌ಮನ್ (ಅಧಿಕಾರಿಯಲ್ಲದ ಸಿಬ್ಬಂದಿ) ಆಗಿದ್ದರೆ ಸುಬ್ರೋತೊ ಪಾರ್ಕಿನ ಏರ್‌ಫೋರ್ಸ್ ರೆಕಾರ್ಡ್ ಆಫೀಸಿಗೆ ಸೇವಾ ದಾಖಲೆ ಕೇಳಿ ಬರೆಯಿರಿ. ನೀವು ಅವರಿಗೆ ಏನಾಗಬೇಕು ಅಂತ ತೋರಿಸಲು ನಾಡಕಚೇರಿಯಲ್ಲಿ ವಂಶವೃಕ್ಷ ದೃಢೀಕರಣ ಮಾಡಿಸಿ, ಇಂಗ್ಲಿಷ್ ಅನುವಾದಕ್ಕೆ ನೋಟರಿ ಸಹಿ ಹಾಕಿಸಿ, ಮರಣ ಪತ್ರದ ನಕಲು ಇಟ್ಟು ಸ್ಪೀಡ್ ಪೋಸ್ಟ್ ಮಾಡಿ. ನಂಬರು ಗೊತ್ತಿಲ್ಲದೆ ಬರೆದರೆ ‘ವಿವರ ಸಾಲದು’ ಅಂತ ಎರಡು ಸಾಲಿನ ಉತ್ತರ ಬರುತ್ತದೆ, ನನಗೆ ಮೊದಲ ಸಲ ಅದೇ ಬಂತು. ಹತ್ತು ರೂಪಾಯಿಯ ಆರ್‌ಟಿಐ ಹಾಕಿ ಹೆದರಿಸೋಣ ಅನ್ನುವವರಿದ್ದಾರೆ. ಬೇಡ. ಇನ್ನೊಬ್ಬರ ವೈಯಕ್ತಿಕ ಮಾಹಿತಿ ಅಂತ ತಳ್ಳಿಹಾಕಲು ಅವರಿಗೆ ಅದೇ ಸುಲಭ. ವಿನಯದಿಂದ ಬರೆದ ಮನೆಯವರ ಕಾಗದಕ್ಕೇ ನನ್ನ ಮತ.

ಸ್ಕ್ವಾಡ್ರನ್ ದಿನಚರಿ ಓದುವುದು

ಪೈಲಟ್ ಹೌದು ಅಂತ ಖಾತ್ರಿಯಾಗಿದ್ದರೆ ನಿಜವಾದ ರುಚಿ ಇಲ್ಲಿದೆ. ಪ್ರತಿ ಸ್ಕ್ವಾಡ್ರನ್ ದಿನಚರಿ ಇಡುತ್ತಿತ್ತು. ಫಾರ್ಮ್ 540ರಲ್ಲಿ ದಿನದ ಸುದ್ದಿ: ಮಳೆ, ಊರು ಬದಲಾವಣೆ, ಯಾರು ಬಂದರು ಯಾರು ಹೋದರು. ಫಾರ್ಮ್ 541ರಲ್ಲಿ ಒಂದೊಂದು ಹಾರಾಟದ ಲೆಕ್ಕ: ವಿಮಾನದ ನಂಬರು, ಪೈಲಟ್ ಹೆಸರು, ಕೆಲಸ, ಮೇಲೇರಿದ ಹೊತ್ತು, ಇಳಿದ ಹೊತ್ತು. ಇಳಿದ ಹೊತ್ತಿನ ಕಾಲಂ ಖಾಲಿ ಇದ್ದರೆ ಅರ್ಥವಾಯಿತಲ್ಲ.

ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಸ್ಕ್ವಾಡ್ರನ್‌ಗಳ ದಿನಚರಿ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ‘ಏರ್ 27’ ಅನ್ನುವ ಸರಣಿ. ಭಾರತೀಯ ಸ್ಕ್ವಾಡ್ರನ್ ಆದರೆ ದಿಲ್ಲಿಯ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗಕ್ಕೂ ಬರೆಯಿರಿ. ಯಾವುದು ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ವಾಯುಪಡೆಯಲ್ಲಿ ಒಂಬತ್ತು ಸ್ಕ್ವಾಡ್ರನ್ ಇದ್ದವು, 1ರಿಂದ 4, ಆಮೇಲೆ 6ರಿಂದ 10. ಐದನೇದು ಇರಲಿಲ್ಲ. ‘ಅಜ್ಜ ಐದನೇ ಸ್ಕ್ವಾಡ್ರನ್’ ಅಂತ ಯಾರಾದರೂ ಅಂದರೆ ಅದು ರಾಯಲ್ ಏರ್‌ಫೋರ್ಸಿನದ್ದು ಇರಬೇಕು.

ದಿನಚರಿಯನ್ನು ಹೆಸರು ಹಾಕಿ ಹುಡುಕಲು ಬರುವುದಿಲ್ಲ. ಸ್ಕ್ವಾಡ್ರನ್ ಮತ್ತು ತಿಂಗಳು ಗೊತ್ತಿರಬೇಕು. ಮನೆಯಲ್ಲಿ ಪೈಲಟ್ ತನ್ನ ಹಾರಾಟಗಳನ್ನು ಬರೆದಿಡುವ ಲಾಗ್‌ಬುಕ್ ಇದ್ದರೆ ನಿಮ್ಮ ಪುಣ್ಯ, ತಿಂಗಳ ಕೊನೆಗೆ ಸ್ಕ್ವಾಡ್ರನ್ ಮುಖ್ಯಸ್ಥರ ಸಹಿ ಇರುತ್ತದೆ. ಅದರಲ್ಲಿ ಕೆಂಪು ಶಾಯಿ ಕಂಡರೆ ಗಾಬರಿ ಬೇಡ, ರಾತ್ರಿ ಹಾರಾಟವನ್ನು ಕೆಂಪಿನಲ್ಲಿ ಬರೆಯುವ ರೂಢಿ.

ಚುಟುಕು ಪದಗಳೇ ತಲೆನೋವು. ‘ಟ್ಯಾಕ್ ಆರ್’ ಅಂದರೆ ಶತ್ರು ನೆಲೆ ನೋಡಿಕೊಂಡು ಬರುವ ಹಾರಾಟ. ‘ಎನ್‌ಟಿಆರ್’ ಅಂದರೆ ಹೇಳುವಂಥದ್ದೇನೂ ಇಲ್ಲ. ‘ಯು/ಎಸ್’ ಅಂದರೆ ವಿಮಾನ ಕೆಟ್ಟು ನಿಂತಿದೆ. ಇದನ್ನು ಓದಿ ಒಬ್ಬ ಎಂಜಿನಿಯರಿಂಗ್ ಹುಡುಗ ‘ತಾತ ಅಮೆರಿಕದ ವಿಮಾನ ಓಡಿಸಿದ್ದಾರೆ’ ಅಂತ ಇಡೀ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದ. ಆ ದಿನ ತಾತ ಹಾರಿಯೇ ಇರಲಿಲ್ಲ. ವಿಮಾನದ ನಂಬರು ಸಿಕ್ಕಿ, ಅಪಘಾತದ ಸುಳಿವಿದ್ದರೆ ಹೆಂಡನ್ನಿನ ಆರ್‌ಎಎಫ್ ಮ್ಯೂಸಿಯಮ್ಮಿನಲ್ಲಿ ಅಪಘಾತದ ಕಾರ್ಡ್ ಇದೆಯಾ ಅಂತ ಕೇಳಿ.

ಎದುರು ಪಕ್ಷದವರನ್ನೂ ಕೇಳಿ

1965ರ ಅಥವಾ 1971ರ ಯುದ್ಧದವರಾದರೆ ಇದು ಮುಖ್ಯ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ. ಅವರು ಸಾಯುವ ಮುಂಚೆ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಕೆಡವಿದ್ದರು ಅನ್ನುವುದು ಹೊರಬಿದ್ದದ್ದು ವರ್ಷಗಳ ನಂತರ, ಅದೂ ಪಾಕಿಸ್ತಾನದ ಕಡೆಯಿಂದ ವಿವರ ಪಡೆದು ಬರೆದ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಿಂದ. 1988ರಲ್ಲಿ ಮಹಾವೀರ ಚಕ್ರ ಬಂತು, 23 ವರ್ಷದ ಮೇಲೆ.

ಬರೆದಿಡುವುದು

ಸಿಕ್ಕಿದ್ದನ್ನೆಲ್ಲ ಮೂರು ಕಡೆ ಇಡಿ, ಒಂದು ಕಡ್ಡಾಯವಾಗಿ ಕಾಗದದ ಮೇಲೆ. ಫೋಟೊಗೆ ಬಣ್ಣ ತುಂಬುವ ಆಪ್‌ಗಳನ್ನು ದಯವಿಟ್ಟು ಮುಟ್ಟಬೇಡಿ, ನೀಲಿ ಸಮವಸ್ತ್ರವನ್ನು ಖಾಕಿ ಮಾಡುತ್ತವೆ, ಎದೆಯ ರೆಕ್ಕೆಯನ್ನು ಕಲೆ ಅಂದುಕೊಂಡು ಅಳಿಸುತ್ತವೆ. ಫೋಟೊ ಹಿಂದೆ ಹೆಸರು, ನಂಬರು, ಊರು ಬರೆಯಿರಿ. ಮೆತ್ತನೆ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ. ಬಾಲ್ ಪೆನ್ನು ಬೇಡ, ಮುಖದ ಮೇಲೆ ಗೆರೆ ಮೂಡುತ್ತದೆ. ನಮ್ಮ ಅಜ್ಜನ ಫೋಟೊ ಹಿಂದೆ ನಾನು ‘ಫಿಟ್ಟರ್’ ಅಂತ ಬರೆದಿದ್ದೆ. ಹೋದ ಯುಗಾದಿಗೆ ನೋಡಿದರೆ ಅದರ ಕೆಳಗೆ ದೊಡ್ಡಮ್ಮನ ಅಕ್ಷರದಲ್ಲಿ ‘ಪೈಲಟ್’ ಅಂತಲೂ ಇತ್ತು. ಪೆನ್ಸಿಲಿನಲ್ಲೇ ಬರೆದಿದ್ದಾರೆ, ಹಾಗಾಗಿ ಬಿಟ್ಟಿದ್ದೇನೆ.